ಕಂದೀಲಿಲ್ಲದೆ ತೆರೆದ ಹಗೇವು

ಎರಡು ಸಾವಿರದ ಇಸವಿಯ ಶ್ರಾವಣ. ಬೈಲಹೊಂಗಲದ ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ ನಿಜಗುಣಪ್ಪನ ಮನೆಯ ಟಿವಿಯಲ್ಲಿ ಬೆಳಿಗ್ಗೆ ಸಂಜೆ ಒಂದೇ ಸುದ್ದಿ. ರಷ್ಯಾ ದೇಶದ ಸಬ್‌ಮರೀನೊಂದು ಸಮುದ್ರದ ತಳ ಸೇರಿತ್ತು. ಒಳಗೆ ನೂರಕ್ಕೂ ಮಿಕ್ಕಿ ಜನ. ಅವರು ಇನ್ನೂ ಉಸಿರಾಡುತ್ತಿದ್ದಾರೋ ಇಲ್ಲವೋ ಎನ್ನುವುದು ರಷ್ಯಾದವರಿಗೇ ಗೊತ್ತಿರಲಿಲ್ಲ. ಟಿವಿಯವರು ಮಾತ್ರ ಪಕ್ಕದಲ್ಲೇ ನಿಂತು ನೋಡಿ ಬಂದವರ ಹಾಗೆ ಮಾತಾಡುತ್ತಿದ್ದರು. ಬೇರೆ ಮನೆಗಳಲ್ಲಿ ಇದು ಅಯ್ಯೋ ಪಾಪ ಎಂದು ಚಾನೆಲ್ ಬದಲಿಸುವ ಸುದ್ದಿ. ಈ ಮನೆಯಲ್ಲಿ ಮಾತ್ರ ಉಣ್ಣಲು ಕುಳಿತವರು ತುತ್ತು ಕೈಯಲ್ಲೇ ಹಿಡಿದು ಟಿವಿ ನೋಡುತ್ತಿದ್ದರು. ಏಕೆಂದರೆ ನಿಜಗುಣಪ್ಪನ ಒಬ್ಬನೇ ಮಗ ಕಲ್ಮೇಶ ನೌಕಾಪಡೆಯಲ್ಲಿದ್ದ. ವಿಶಾಖಪಟ್ಟಣದಿಂದ ರಜೆಯ ಮೇಲೆ ಬರುವಾಗ ಚೀಲದ ತುಂಬ ಗೋಡಂಬಿಯ ಜೊತೆಗೆ ಒಂದು ಹೊಸ ಸಮಾಚಾರವನ್ನೂ ತಂದಿದ್ದ. ಅವನನ್ನು ಸಬ್‌ಮರೀನಿಗೆ ಆರಿಸಿದ್ದರು.

ಸಬ್‌ಮರೀನಿಗೆ ಯಾರನ್ನೂ ಕೈ ಹಿಡಿದು ಎಳೆದುಕೊಂಡು ಹೋಗುವುದಿಲ್ಲವಂತೆ. ಆರಿಸುತ್ತಾರೆ, ಆಮೇಲೆ ಬರುತ್ತೀಯೋ ಇಲ್ಲವೋ ಎಂದು ಕೇಳುತ್ತಾರೆ. ರಜೆ ಮುಗಿಯುವುದರೊಳಗೆ ಫೋನು ಮಾಡಿ ಹೇಳಬೇಕಿತ್ತು. ನಿಜಗುಣಪ್ಪ ಆಗಲೇ ಅರ್ಧ ಬಜಾರಿಗೆ ಡಂಗುರ ಸಾರಿ ಮುಗಿಸಿದ್ದ. ಅವನ ಹೆಂಡತಿ ಶೈಲಜಾ ಮೊದಲ ದಿನ ಸುಮ್ಮನಿದ್ದಳು, ರಷ್ಯಾದ ಸುದ್ದಿ ಬಂದ ಮೇಲೆ ಸುಮ್ಮನಿರಲಿಲ್ಲ. ಗಂಡ-ಹೆಂಡತಿ ಇಬ್ಬರೂ ಒಬ್ಬರ ಮೇಲೊಬ್ಬರು ಹರಿಹಾಯುವುದನ್ನು ನೋಡಿ ಕಲ್ಮೇಶ ಊಟದ ತಾಟಿನ ಮುಂದೆ ಕೂತೇ ಹೇಳಿಬಿಟ್ಟ.

"ನೀವಿಬ್ಬರೂ ಜಗಳಾಡಬ್ಯಾಡ್ರಿ. ಆಯಿ ಹೂಂ ಅಂದರ ಹೋಗ್ತೇನಿ. ಬ್ಯಾಡ ಅಂದರ ಇಲ್ಲ. ಮುಗೀತು."

ಆಯಿ ಎಂದರೆ ಅವನ ಅಜ್ಜಿ, ನಿಜಗುಣಪ್ಪನ ತಾಯಿ ರಾಚವ್ವ. ಅವನು ಹಾಗೆ ಹೇಳಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ. ಶೈಲಜಾಗೆ ಮೊದಲು ರಾಮದುರ್ಗದಾಚೆ ಸಾಲಹಳ್ಳಿಯ ಸಾಲೆಯಲ್ಲಿ ನೌಕರಿ ಇತ್ತು. ಮಗ ಚಿಕ್ಕವನಿದ್ದಾಗ ವಾರವಿಡೀ ಅಲ್ಲಿಯೇ ಇದ್ದು ಶನಿವಾರ ಸಂಜೆ ಬರುತ್ತಿದ್ದಳು. ಹುಡುಗ ರೊಟ್ಟಿ ಮುರಿದು ತಿನ್ನಲು ಕಲಿತದ್ದು, ಜ್ವರ ಬಂದಾಗ ಒರಗಿದ್ದು, ಸುಳ್ಳು ಹೇಳಿ ಹೊಡೆತ ತಿಂದದ್ದು ಎಲ್ಲ ಈ ಮುದುಕಿಯ ಹತ್ತಿರ.

ಎಲ್ಲರೂ ರಾಚವ್ವನ ಮುಖ ನೋಡಿದರು. ರಾಚವ್ವ ತನ್ನ ತಾಟಿನಲ್ಲಿದ್ದ ರೊಟ್ಟಿಯ ಕೊನೆಯ ಚೂರನ್ನು ಪಲ್ಯದಲ್ಲಿ ಒರೆಸಿಕೊಂಡು ತಿಂದಳು, ನೀರು ಕುಡಿದಳು, ತಾಟು ಎತ್ತಿಕೊಂಡು ಬಚ್ಚಲಿಗೆ ಹೋದಳು.

ಆಕೆಗೆ ಏನೂ ಅನಿಸಲಿಲ್ಲ. ಅದೇ ಆಕೆಯ ತೊಂದರೆ. ಗಂಡ ತೀರಿಕೊಂಡಾಗ ಊರ ಹೆಂಗಸರೆಲ್ಲ ಕೊರಳು ತಬ್ಬಿ ಅಳಲು ಬಂದರೆ ಈಕೆ ಎಮ್ಮೆ ಹಿಂಡಿದರೋ ಇಲ್ಲವೋ ಎಂದು ಕೇಳಿದ್ದಳು. ಅಂದಿನಿಂದ ಓಣಿಯಲ್ಲಿ ಆಕೆಗೆ ಕಲ್ಲವ್ವ ಎಂಬ ಹೆಸರು. ಅದು ಆಕೆಯ ಕಿವಿಗೂ ಬಿದ್ದಿತ್ತು. ಬೇಜಾರಾಗಲಿಲ್ಲ. ಬೇಜಾರಾಗಲಿಲ್ಲವಲ್ಲ ಎಂದು ಒಮ್ಮೊಮ್ಮೆ ತನ್ನನ್ನೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು, ಜೋಮು ಹಿಡಿದ ಕಾಲನ್ನು ಚಿವುಟಿ ನೋಡುವ ಹಾಗೆ. ಕೆಟ್ಟವಳಲ್ಲ. ಮಾಡಬೇಕಾದ್ದನ್ನೆಲ್ಲ ಮಾಡುತ್ತಿದ್ದಳು, ಒಂದು ದಿನವೂ ತಪ್ಪಿಸಿದವಳಲ್ಲ. ಅಳು ಮಾತ್ರ ಬರುತ್ತಿರಲಿಲ್ಲ, ನಗೆಯೂ ಅಷ್ಟಕ್ಕಷ್ಟೆ.

ಮರುದಿನ ಅಡುಗೆಮನೆಯಲ್ಲಿ ಶೈಲಜಾ ಹಿಟ್ಟು ನಾದುತ್ತಾ ಅತ್ತೆಯನ್ನು ಹಿಡಿದು ನಿಲ್ಲಿಸಿದಳು.

"ಅತ್ತಿ, ಒಂದ ಮಾತ್ರಿ. ಬ್ಯಾಡ ಅನ್ರಿ ಸಾಕು. ನಿಮ್ಮ ಮಾತ ಅಂವ ಮೀರಂಗಿಲ್ಲ."

"ನೋಡೋಣು."

"ಏನ ನೋಡೂದ್ರಿ? ಟಿವಿಯೊಳಗ ನೋಡಾಕತ್ತಿಲ್ಲೇನ ನೀವು? ಆ ಮಂದಿನೂ ಯಾರೋ ಹಡದ ಮಕ್ಕಳ. ನಿಮಗ ಕರುಳ ಅನ್ನೂದ ಐತೋ ಇಲ್ಲೋ?"

ಕೊನೆಯ ಮಾತು ಹೊರಬಿದ್ದದ್ದೇ ಶೈಲಜಾಳ ಕಣ್ಣಲ್ಲಿ ನೀರು ಬಂತು. ರಾಚವ್ವ ಹಿಟ್ಟಿನ ಪರಾತವನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ನಾದತೊಡಗಿದಳು. ಸೊಸೆ ಕೇಳಿದ್ದು ನ್ಯಾಯವಾದ ಪ್ರಶ್ನೆ ಎನಿಸಿತು.

ಆ ಸಂಜೆ ಟಿವಿಯವನು ಚಿತ್ರ ಬರೆದು ತೋರಿಸಿ, ಸಬ್‌ಮರೀನಿನ ಒಳಗೆ ಗಾಳಿ ಹೇಗೆ ಕೆಡುತ್ತಾ ಹೋಗುತ್ತದೆ ಎಂದು ವಿವರಿಸುತ್ತಿದ್ದ. ಬಾಗಿಲ ಪಕ್ಕ ಬೆಳ್ಳುಳ್ಳಿ ಸುಲಿಯುತ್ತಾ ಕೂತಿದ್ದ ರಾಚವ್ವನ ಕೈ ನಿಂತಿತು. ಗೋಡೆಗೆ ಒರಗಿದ್ದ ಮೊಮ್ಮಗನನ್ನು ಕೇಳಿದಳು.

"ಒಳಗ ಗಾಳಿ ಕೆಟ್ಟೈತಿ ಅಂತ ನಿಮಗ ಹೆಂಗ ಗೊತ್ತಾಕ್ಕೈತಿ?"

"ಅದಕ್ಕ ಮೀಟರ ಇರತಾವ ಆಯಿ. ಮುಳ್ಳ ತೋರಿಸ್ತಾವ."

"ಕಂದೀಲ ಇಡಂಗಿಲ್ಲೇನು?"

ಕಲ್ಮೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಿಜಗುಣಪ್ಪನೂ ನಕ್ಕ. ಶೈಲಜಾ ಕೂಡ, ಅತ್ತೆಯ ಮೇಲೆ ಸಿಟ್ಟಿದ್ದರೂ, ತುಟಿ ಅಲುಗಿಸಿದಳು. ರಾಚವ್ವ ನಗಲಿಲ್ಲ. ಮಡಿಲಲ್ಲಿದ್ದ ಸಿಪ್ಪೆಯನ್ನು ಝಾಡಿಸಿ ಎದ್ದು ನಿಂತು, "ನಾಳಿ ನನ್ನ ಸಂಗೊಳ್ಳಿಗೆ ಕರಕೊಂಡ ಹೋಗು," ಎಂದಳು.

ಸಂಗೊಳ್ಳಿ ಆಕೆಯ ತವರು. ಬೈಲಹೊಂಗಲದಿಂದ ಬಸ್ಸಿನಲ್ಲಿ ಹತ್ತಿ ಕೂತು ಒಂದು ನಿದ್ದೆ ತೆಗೆಯುವುದರೊಳಗೆ ಬರುತ್ತದೆ. ಅಲ್ಲಿ ಈಗ ಇದ್ದದ್ದು ಆಕೆಯ ಕಾಕನ ಮೊಮ್ಮಗ ಶಟ್ಟೆಪ್ಪ ಮತ್ತು ಅವನ ಹೆಂಡತಿ ಸುಂದರವ್ವ. ಅತ್ತೆ ಬಂದಳೆಂದು ಇಬ್ಬರೂ ಸಂಭ್ರಮಪಟ್ಟರು, ಚಹಾ ಮಾಡಿದರು, ನೌಕಾಪಡೆಯ ಹುಡುಗನನ್ನು ಮುಂದೆ ಹಿಂದೆ ತಿರುಗಿಸಿ ನೋಡಿದರು. ಶಟ್ಟೆಪ್ಪನಿಗೆ ಹೊಲಕ್ಕೆ ಹೊತ್ತಾಗಿತ್ತು, ಸುಂದರವ್ವ ಒಳಗೆ ಒಲೆಯ ಮುಂದೆ ಹೋದಳು. ಆಗ ರಾಚವ್ವ ಮೊಮ್ಮಗನನ್ನು ಅಂಗಳಕ್ಕೆ ಕರೆದೊಯ್ದು ಒಂದು ಚಪ್ಪಡಿ ಕಲ್ಲಿನ ಹತ್ತಿರ ನಿಲ್ಲಿಸಿದಳು. ಸುಂದರವ್ವ ಅದರ ಮೇಲೆ ಬಟ್ಟೆ ಒಗೆದು ಒಗೆದು ಕಲ್ಲು ನುಣುಪಾಗಿತ್ತು.

"ಇದರ ಕೆಳಗ ಏನೈತಿ ಗೊತ್ತೈತೇನು?"

"ಹಗೇವ. ಜೋಳ ತುಂಬೂ ತಗ್ಗ. ಈಗ ಯಾರ ತುಂಬತಾರ ಬಿಡು."

"ಅದನ್ನ ತಗಿಯೂ ಮುಂದ ಏನ ಮಾಡತಿದ್ರು, ಹೇಳ ನೋಡೋಣು."

ಕಲ್ಮೇಶನಿಗೆ ಗೊತ್ತಿರಲಿಲ್ಲ. ಅವನು ಹುಟ್ಟುವ ಹೊತ್ತಿಗೆ ಜೋಳ ಗೋಣಿಚೀಲಕ್ಕೆ ಬಂದು ಕೂತಿತ್ತು. ರಾಚವ್ವ ಹೇಳಿದಳು. ನೆಲದೊಳಗೆ ಆಳವಾಗಿ ತೋಡಿದ ಹೊಂಡ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಸುತ್ತ ಹುಲ್ಲು ಕಟ್ಟಿ ಜೋಳ ಸುರಿದು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡುವುದಿಲ್ಲ. ಆದರೆ ಒಳಗಿನ ಗಾಳಿ ಕೆಡುತ್ತದೆ. ಅದಕ್ಕೇ ತೆಗೆಯುವ ದಿನ ಕಲ್ಲು ಸರಿಸಿ ಬೆಳಗಿನಿಂದ ಸಂಜೆಯವರೆಗೆ ಹಾಗೇ ಬಿಡಬೇಕು. ಆಮೇಲೆ ಉರಿಯುವ ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡಬೇಕು. ಕಂದೀಲು ಉರಿಯುತ್ತಿದ್ದರೆ ಮನುಷ್ಯ ಇಳಿಯಬಹುದು. ಆರಿದರೆ ಯಾರೂ ಇಳಿಯಕೂಡದು. ಇದನ್ನು ಈ ಸೀಮೆಯಲ್ಲಿ ಯಾರಿಗೂ ಯಾರೂ ಕಲಿಸಬೇಕಾಗಿರಲಿಲ್ಲ.

"ನಮ್ಮಪ್ಪಗೂ ಗೊತ್ತಿತ್ತು," ಎಂದಳು ರಾಚವ್ವ, ಕಲ್ಲಿನ ಮೇಲೆ ಕೂಡುತ್ತಾ. "ನಮ್ಮವ್ವಗೂ ಗೊತ್ತಿತ್ತು. ಕುಂಡ್ರು."

ರಾಚವ್ವ ಹುಟ್ಟಿದ್ದು ಅಂಡಮಾನದಲ್ಲಿ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ, ಅದರಿಂದಾಚೆಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಆಕೆಯ ತಂದೆ ವೀರಪ್ಪ ಹೊಲದ ಬದುವಿನ ಜಗಳದಲ್ಲಿ ಕೊಡಲಿ ಎತ್ತಿದ್ದ, ಎದುರಿನವನು ಸತ್ತಿದ್ದ. ಬ್ರಿಟಿಷ್ ಸರಕಾರ ವೀರಪ್ಪನನ್ನು ಕರಿನೀರಿಗೆ ಅಟ್ಟಿತು. ಅಲ್ಲಿ ಕೆಲ ವರ್ಷ ತಲೆ ತಗ್ಗಿಸಿ ದುಡಿದವರಿಗೆ ಒಂದು ತುಂಡು ಹೊಲ ಕೊಟ್ಟು, ಹೆಂಡತಿಯನ್ನು ಕರೆಸಿಕೊಳ್ಳಲು ಬಿಡುತ್ತಿದ್ದರು. ವೀರಪ್ಪ ಕರೆಸಿಕೊಂಡ. ಕಿತ್ತೂರಿನಾಚೆಗೆ ಕಾಲಿಡದಿದ್ದ ಗುರವ್ವ ಹಡಗು ಹತ್ತಿ ಹೊರಟಾಗ ಇಡೀ ಸಂಗೊಳ್ಳಿ ಮೂಗಿನ ಮೇಲೆ ಬೆರಳಿಟ್ಟಿತು. ದ್ವೀಪದಲ್ಲಿ ರಾಚವ್ವ ಹುಟ್ಟಿದಳು. ನಾಲ್ಕು ವರ್ಷದ ಮೇಲೆ ತಮ್ಮ ಮಹಾದೇವ ಹುಟ್ಟಿದ.

ಈ ಮಹಾದೇವನ ಹೆಸರನ್ನು ಕಲ್ಮೇಶ ಕೇಳಿದ್ದು ಅದೇ ಮೊದಲು.

"ನಿನಗ ತಮ್ಮ ಇದ್ದನೇನ ಆಯಿ?"

"ಇದ್ದ."

ಜಪಾನಿನವರು ದ್ವೀಪಕ್ಕೆ ಬಂದಾಗ ರಾಚವ್ವನಿಗೆ ಎಂಟರ ಸುಮಾರು. ಬ್ರಿಟಿಷರು ಹೋದರು, ಇವರು ಬಂದರು. ವೀರಪ್ಪನಿಗೆ ಎರಡೂ ಒಂದೇ ಎನಿಸಿತ್ತು. ಅಕ್ಕಿ ಮೊದಲಿನಂತೆಯೇ ಹಡಗಿನಲ್ಲಿ ಬರುತ್ತಿತ್ತು, ಮೊದಲು ಬೇರೆ ಕಡೆಯಿಂದ, ಈಗ ಬರ್ಮಾದ ಕಡೆಯಿಂದ. ದ್ವೀಪದಲ್ಲಿ ಬೆಳೆಯುವುದು ದ್ವೀಪಕ್ಕೆ ಸಾಲುತ್ತಿರಲಿಲ್ಲ, ಎಂದೂ ಸಾಲಿರಲಿಲ್ಲ. ಆಮೇಲೆ ಹಡಗುಗಳು ಕಡಿಮೆಯಾದವು. ಒಮ್ಮೆ ಬರಬೇಕಾಗಿದ್ದ ಹಡಗು ಬರಲೇ ಇಲ್ಲ. ಸಮುದ್ರದ ಕಡೆಯಿಂದ ಧಡ್ ಎಂಬ ಸದ್ದು ಕೇಳಿತ್ತು. ದೂರದ ಗುಡುಗು ಎಂದುಕೊಂಡು ಎಲ್ಲರೂ ಒಣಗಲು ಹಾಕಿದ್ದ ಬಟ್ಟೆ ತೆಗೆದಿದ್ದರು.

ಕೆಲ ದಿನಗಳ ಮೇಲೆ ದಂಡೆಗೆ ಹರಿದ ಗೋಣಿಗಳು ತೇಲಿಬಂದವು. ಜೊತೆಗೆ ಉಬ್ಬಿದ ಅಕ್ಕಿ. ಅಲೆಯ ನೊರೆಯಲ್ಲಿ ಬೆಳ್ಳಗೆ ಕಲೆಸಿಕೊಂಡು ಬಂದು ಮರಳಿನ ಮೇಲೆ ಕೂತಿತ್ತು. ಗುರವ್ವ ಸೆರಗಿನಲ್ಲಿ ಬಾಚಿಕೊಂಡಳು, ರಾಚವ್ವ ಲಂಗದಲ್ಲಿ. ಸಿಪಾಯಿಗಳು ಬಂದು ಬಂದೂಕಿನ ಹಿಂಬದಿಯಿಂದ ಹೊಡೆದು ಓಡಿಸಿದರು. ಆಗ ಹೊಂದಿಸಿಕೊಂಡಿದ್ದಷ್ಟನ್ನು ತೊಳೆದು ಬೇಯಿಸಿದರು. ಎಷ್ಟು ತೊಳೆದರೂ ಉಪ್ಪು. ಮಹಾದೇವ ಅದನ್ನು ತಿನ್ನುತ್ತಾ, ಇದಕ್ಕೆ ಸಾರು ಬೇಡ, ಉಪ್ಪೂ ಬೇಡ, ಅವ್ವನಿಗೆ ಕೆಲಸವೇ ಇಲ್ಲ ಎಂದು ನಗಾಡಿದ್ದ.

"ಬ್ರಿಟಿಷರ ಸಬ್‌ಮರೀನ," ಎಂದ ಕಲ್ಮೇಶ ಮೆಲ್ಲಗೆ. ತರಬೇತಿಯಲ್ಲಿ ಆ ಯುದ್ಧದ ಪಾಠ ಅವನಿಗಾಗಿತ್ತು. "ಜಪಾನಿನ ಸಪ್ಲಾಯ ಕಡಿಯೂದು. ನೀ ಅವನ್ನ ನೋಡಿದ್ದೇನು?"

"ಯಾರೂ ನೋಡಲಿಲ್ಲ. ಅಕ್ಕಿ ಬರಲಿಲ್ಲ, ಅಷ್ಟ ನೋಡಿದಿವಿ."

ಕಾಣದ್ದರ ಸಿಟ್ಟನ್ನು ಸಿಪಾಯಿಗಳು ಕಾಣುವವರ ಮೇಲೆ ತೀರಿಸಿಕೊಂಡರು. ಹಡಗು ಬರುವ ಸಮಯ ಸಬ್‌ಮರೀನಿಗೆ ಹೇಗೆ ತಿಳಿಯಿತು? ದ್ವೀಪದವರೇ ಯಾರೋ ತಿಳಿಸಿರಬೇಕು. ಮೀನುಗಾರರ ದೋಣಿಗಳನ್ನು ದಂಡೆಗೆ ಎಳೆಸಿ ತಳ ಒಡೆದರು. ಸುತ್ತಲೂ ಸಮುದ್ರ, ತಿನ್ನಲು ಒಂದು ಮೀನಿಲ್ಲ. ಆಮೇಲೆ ಕತ್ತಲಾದ ಮೇಲೆ ದೀಪ ಹಚ್ಚಕೂಡದೆಂಬ ಅಪ್ಪಣೆ ಬಂತು. ದೀಪವೆಂದರೆ ಸಬ್‌ಮರೀನಿಗೆ ಕೊಡುವ ಸನ್ನೆ. ಪಕ್ಕದ ಮನೆಯ ತೆಲುಗು ಮೀನುಗಾರ ಒಂದು ಸಂಜೆ ಹೆಂಡತಿಗೆ ಬೇನೆ ಎದ್ದಿತೆಂದು ಸೂಲಗಿತ್ತಿಯನ್ನು ಕರೆಯಲು ದೀಪ ಹಿಡಿದು ದಿಬ್ಬ ಇಳಿದ. ಅವನನ್ನು ದಾರಿಯಲ್ಲೇ ಹಿಡಿದೊಯ್ದರು. ಕೂಸು ಕತ್ತಲಲ್ಲಿ ಹುಟ್ಟಿತು. ಅಪ್ಪ ತಿರುಗಿ ಬರಲಿಲ್ಲ.

ವೀರಪ್ಪನ ಹೊಲದಲ್ಲಿ ಆ ವರ್ಷ ಸ್ವಲ್ಪ ಭತ್ತ ಬಂದಿತ್ತು. ಮನೆಮನೆಗೆ ಸಿಪಾಯಿಗಳು ಬಂದು ಕಾಳು ಎತ್ತಿಕೊಂಡು ಹೋಗುತ್ತಿದ್ದರು. ಮುಚ್ಚಿಟ್ಟವನಿಗೆ ಗತಿಯಿರಲಿಲ್ಲ. ಸಂಗೊಳ್ಳಿಯ ಒಕ್ಕಲಿಗನಿಗೆ ಕಾಳು ಉಳಿಸುವ ದಾರಿ ಒಂದೇ ಗೊತ್ತು. ವೀರಪ್ಪ ಕೊಟ್ಟಿಗೆಯೊಳಗೆ ಸಗಣಿಯ ಕೆಳಗೆ ಹಗೇವು ತೋಡಿದ. ಕಾಣಬಾರದೆಂದು ಬಾಯಿಯನ್ನು ಕಲ್ಲು ಮಣ್ಣು ಕಟ್ಟಿ ಊರಿನದಕ್ಕಿಂತಲೂ ಸಣ್ಣದು ಮಾಡಿದ. ಭತ್ತ ತುಂಬಿ, ಮುಚ್ಚಿ, ಮೆತ್ತಿ, ಮೇಲೆ ಆಕಳು ಕಟ್ಟಿದ.

"ನಮ್ಮೂರ ನೆಲ ಬ್ಯಾರೆ, ಆ ನೆಲ ಬ್ಯಾರೆ," ಎಂದಳು ರಾಚವ್ವ. "ಅಲ್ಲಿ ಬರೇ ಮಳಿ. ಗ್ವಾಡಿ ಒತ್ತಿದರ ನೀರ ಬರತಿತ್ತು. ಅಪ್ಪ ಒಕ್ಕಲಿಗ. ಅಂವಗ ತಿಳೀಲಿಲ್ಲ ಅಂತ ಹೆಂಗನ್ನಲಿ? ತಿಳದಿತ್ತು. ಬ್ಯಾರೆ ಹಾದಿ ಇರಲಿಲ್ಲ."

ಕಾಡಿನ ಗೆಡ್ಡೆ, ಪಪ್ಪಾಯಿಯ ಕಾಂಡ, ಯಾವುದೋ ಎಲೆ. ಅದೂ ಮುಗಿಯಿತು. ಆಕಳು ಮೊದಲೇ ಮುಗಿದಿತ್ತು. ಓಣಿಯಲ್ಲಿ ಜನ ಸಾಯುವುದು ಸದ್ದಿಲ್ಲದ ಕೆಲಸವಾಯಿತು. ಕೊನೆಗೆ ವೀರಪ್ಪ ಹಗೇವು ತೆಗೆಯೋಣ ಎಂದ. ಹಗಲು ತೆಗೆಯುವಂತಿಲ್ಲ, ಸಿಪಾಯಿಗಳ ಠಾಣೆ ಎದುರಿನ ದಿಬ್ಬದ ಮೇಲೆಯೇ ಇತ್ತು. ಇಡೀ ದಿನ ಬಾಯಿ ತೆರೆದು ಬಿಡುವಂತಿಲ್ಲ, ಯಾರಾದರೂ ಬಂದರೆ ಮುಗಿಯಿತು. ಮುಸ್ಸಂಜೆ ಕಳೆದ ಮೇಲೆ ಕಲ್ಲು ಸರಿಸಿದರು. ಹುಳಿ ವಾಸನೆ ಮುಖಕ್ಕೆ ಬಡಿಯಿತು. ಗುರವ್ವ ಮೂಗು ಮುಚ್ಚಿಕೊಂಡು ಹೇಳಿದಳು, ಕಂದೀಲು ಬಿಡಿ ಎಂದು. ವೀರಪ್ಪ ಹೇಳಿದ, ಕಂದೀಲು ಹಚ್ಚಿದರೆ ನಾಲ್ವರನ್ನೂ ಒಯ್ಯುತ್ತಾರೆ ಎಂದು. ಕೊಟ್ಟಿಗೆಗೆ ಗೋಡೆಯಿರಲಿಲ್ಲ. ತಡಿಕೆಯ ಸಂದಿನಿಂದ ಸಮುದ್ರ ಕಾಣುತ್ತಿತ್ತು.

ಬಾಯಿ ಅಗೆದು ದೊಡ್ಡದು ಮಾಡಿದರೆ ಸದ್ದು ದಿಬ್ಬಕ್ಕೆ ಕೇಳುತ್ತಿತ್ತು. ಕೆಳಗೆ ಇಳಿಯಬೇಕಾದವನು ಸಣ್ಣ ಬಾಯಿಯಲ್ಲಿ ತೂರುವವನಾಗಿರಬೇಕು. ಮೇಲಿನವರಿಗೆ ಎಳೆಯಲು ಆಗುವಷ್ಟು ಹಗುರಿರಬೇಕು. ರಾಚವ್ವನಿಗೆ ಹನ್ನೊಂದು ತುಂಬಿತ್ತು, ಹೆಗಲು ಹಿಡಿಸಲಿಲ್ಲ.

"ಮೊದಲ ನನ್ನ ಇಳಿಸಿ ನೋಡಿದ್ರು. ಹೆಗಲ ಸಿಕ್ಕೊಂಡ್ವು. ಆಮ್ಯಾಲ ಅಂವನ ಸೊಂಟಕ್ಕ ಹಗ್ಗ ಕಟ್ಟಿದ್ರು. ಅಪ್ಪ 'ಇಳಿ ಮಗನ' ಅಂದ. ಅಂವ ಇಳದ. ಕೈಯಾಗ ಚರಿಗಿ ಕೊಟ್ಟಿದ್ವಿ. ಏನೂ ಕೇಳಲಿಲ್ಲ, ಹಟ ಮಾಡಲಿಲ್ಲ. ಅಪ್ಪ ಇಳಿ ಅಂದ, ಇಳದ, ಅಷ್ಟ."

ಆಕೆಯ ದನಿಯಲ್ಲಿ ಏರಿಳಿತವೇ ಇರಲಿಲ್ಲ. ನಾಳೆ ಯಾವ ಪಲ್ಯ ಮಾಡಬೇಕು ಎಂದು ಹೇಳುವಾಗ ಇರುವ ದನಿ ಅದೇ.

"ಚರಿಗಿ ಬಿದ್ದ ಸಪ್ಪಳ ಆತು. ಮತ್ತ ಸಪ್ಪಳ ಇಲ್ಲ. ಅಪ್ಪ ಒದರೂ ಹಂಗಿಲ್ಲ, ಎದುರಿಗಿ ಸಿಪಾಯಿಗೋಳು. ತಗ್ಗಿನಾಗ ಬಾಯಿ ಇಟ್ಟು ಪಿಸಿಪಿಸಿ 'ಮಾದೇವಾ, ಮಾದೇವಾ' ಅಂದ. ಮೂರೂ ಮಂದಿ ಜಗ್ಗಿದಿವಿ. ಬಂದ. ಹೊರಗ ಬಂದಾಗ ಮೈ ಬೆಚ್ಚಗಿತ್ತು. ಅವ್ವ ಅಳಾಕ ಬಾಯಿ ತಗದ್ಲು. ಅಪ್ಪ ಆಕಿ ಬಾಯಿ ಮುಚ್ಚಿ ಹಿಡಕೊಂಡ, ನನ್ನ ಬಾಯಿನೂ ಮುಚ್ಚಿದ, ಇನ್ನೊಂದ ಕೈಲೆ. ಬೆಳಗಾಗೂತನಕ ಹಂಗ ಹಿಡಕೊಂಡಿದ್ದ."

ಅಂಗಳದಲ್ಲಿ ಕೋಳಿಯೊಂದು ಕೆದರುತ್ತಾ ಅವರ ಕಾಲ ಹತ್ತಿರಕ್ಕೆ ಬಂತು. ಕಲ್ಮೇಶ ಅದನ್ನು ಕೈಬೀಸಿ ಓಡಿಸಿದ.

"ಭತ್ತ?" ಎಂದು ಕೊನೆಗೆ ಕೇಳಿದ. ಏಕೆ ಕೇಳಿದನೋ ಅವನಿಗೇ ತಿಳಿಯಲಿಲ್ಲ.

"ಅಂಚಿಂದೆಲ್ಲ ಕೊಳತಿತ್ತು. ನಡುವಿಂದ ಚೊಲೋ ಇತ್ತು. ನಾಕ ದಿನ ಬಿಟ್ಟು ಜೋರ ಮಳಿ ಸಪ್ಪಳದಾಗ ಬಾಯಿ ಅಗೆದು ದೊಡ್ಡದ ಮಾಡಿ ಅಪ್ಪನ ಇಳದ. ಆ ಭತ್ತ ತಿಂದ ನಾವ ಮೂರ ಮಂದಿ ಉಳಿದಿವಿ. ಯುದ್ಧ ಮುಗದ ಮ್ಯಾಲ ಬ್ರಿಟಿಷರು ಬಂದ್ರು, ಎಲ್ಲಾರಿಗೂ ಮಾಫಿ ಅಂದ್ರು, ಹಡಗ ಹತ್ತಿಸಿ ಕಳಿಸಿದ್ರು. ಊರಾಗ ಅವ್ವ ಹುಡುಗ ಜ್ವರ ಬಂದ ಹೋದ ಅಂತ ಹೇಳಿದ್ಲು. ಅಪ್ಪ ಇದ್ದೂತನಕ ಈ ಹಗೇವ ತಗಿಯೂ ದಿನ ಹೊಲಕ್ಕ ಹೋಗಿ ಕುಂಡರತಿದ್ದ."

ಕಲ್ಮೇಶ ಅಜ್ಜಿಯ ಕೈ ಹಿಡಿದುಕೊಂಡ. ಹೊಲದ ಕೆಲಸದಿಂದ ದಡ್ಡುಗಟ್ಟಿದ ಕೈ, ತಣ್ಣಗಿತ್ತು. ಅವನ ಕಣ್ಣಿಂದ ನೀರು ಹರಿಯಿತು. ಅವನು ಅಳುವುದನ್ನು ರಾಚವ್ವ ಹೊಟ್ಟೆಕಿಚ್ಚಿನಿಂದ ನೋಡಿದಳು. ಹೌದು, ಹೊಟ್ಟೆಕಿಚ್ಚೇ. ಎಷ್ಟು ಸಲೀಸಾಗಿ ಬರುತ್ತದಲ್ಲ ಇವನಿಗೆ.

"ಆಯಿ, ನಾವು ಹಂಗ ಮಾಡೂದಿಲ್ಲ. ನಾವು ವೈರಿ ಹಡಗಷ್ಟ ನೋಡೂದು."

"ಅವರೂ ವೈರಿ ಹಡಗನ ಮುಳಗಿಸಿದ್ರು. ಅಕ್ಕಿ ನಮ್ಮದಿತ್ತು."

ಹುಡುಗ ಮೂಗು ಒರೆಸಿಕೊಂಡ. ಆಮೇಲೆ ಕಲ್ಲಿನಿಂದಿಳಿದು ಆಕೆಯ ಎದುರು ಮೊಣಕಾಲೂರಿ ಕೂತು ನೇರವಾಗಿ ಕೇಳಿದ.

"ಹಂಗಾರ ಬ್ಯಾಡ ಅನ್ನು. ಒಂದ ಸಲ ಅನ್ನು, ಸಾಕು, ಹೋಗೂದಿಲ್ಲ."

ರಾಚವ್ವ ಬಾಯಿ ತೆರೆದಳು. ಹುಡುಗ ಕಣ್ಣು ಮಿಟುಕಿಸದೆ ಕಾಯುತ್ತಿದ್ದ. ಆಕೆ ಏನು ಹೇಳಿದರೂ ಮಾಡುವ ಮುಖ. ಅಂಥ ಮುಖ ಆಕೆ ಹಿಂದೆ ಒಂದು ಸಲ ಹಗ್ಗದ ತುದಿಯಲ್ಲಿ ನೋಡಿದ್ದಳು. ಹಿರಿಯರು ಒಂದು ಮಾತು ಅಂದರೆ ಮಕ್ಕಳು ಏನು ಮಾಡುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ಬ್ಯಾಡ ಎಂಬ ಮಾತನ್ನು ನುಂಗಿಕೊಂಡಳು.

"ನಮ್ಮಪ್ಪ ಇಳಿ ಅಂದ, ಇಳದ ಅಂವ. ನಾ ಯಾರಿಗೂ ಇಳಿನೂ ಅನ್ನಂಗಿಲ್ಲ, ಬ್ಯಾಡನೂ ಅನ್ನಂಗಿಲ್ಲ. ನಿನಗ ಇಪ್ಪತ್ತೊಂದ ನಡದೈತಿ. ಎಲ್ಲಾ ಹೇಳೇನಿ. ನೀನ ನೋಡ್ಕೋ."

ಹೇಳಿದ ಮೇಲೆ ತಾನು ಮಾಡಿದ್ದು ಸರಿ ಎನಿಸಿತು ಆಕೆಗೆ. ಎಲ್ಲ ಹೇಳಿಯಾಗಿದೆ. ಇಷ್ಟು ಕೇಳಿದ ಮೇಲೆ ಯಾವ ಹುಡುಗ ತಾನೇ ಹೋಗುತ್ತಾನೆ? ಆ ಮಾತನ್ನು ಆಕೆ ಬಾಯಿಬಿಟ್ಟು ಆಡಲಿಲ್ಲ, ಮನಸ್ಸಿನಲ್ಲೂ ಪೂರ್ತಿ ಆಡಿಕೊಳ್ಳಲಿಲ್ಲ. ಸುಂದರವ್ವ ಊಟಕ್ಕೆ ಕರೆದಳು. ಇಬ್ಬರೂ ಉಂಡರು. ಹುಡುಗ ಎರಡೇ ರೊಟ್ಟಿ ತಿಂದ. ಆಕೆ ಎಂದಿನಂತೆ ಮೂರು.

ಕಲ್ಮೇಶ ಎರಡು ದಿನ ಬಜಾರಿನಲ್ಲಿ ಒಬ್ಬನೇ ಅಲೆದ. ಹೊರಡುವ ಹಿಂದಿನ ದಿನ ಎಸ್‌ಟಿಡಿ ಬೂತಿಗೆ ಹೋಗಿ ಬಂದ. ಬಂದವನು ಅಜ್ಜಿಯ ಪಕ್ಕ ಕೂತು, ತಾನು ಹೂಂ ಎಂದು ತಿಳಿಸಿದ್ದಾಗಿ ಹೇಳಿದ. "ಇದೆಲ್ಲಾ ಗೊತ್ತಿದ್ದಾಂವ ಒಬ್ಬನರ ಅದರಾಗ ಇರಬೇಕಲ್ಲ, ಆಯಿ," ಎಂದ. ಅವನು ಅದನ್ನು ನಂಬಿಯೇ ಹೇಳಿದ್ದ, ಅವನ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಒಪ್ಪಂದ ಸಣ್ಣದಲ್ಲ, ಒಮ್ಮೆ ಅಂದ ಮೇಲೆ ಹಿಂದೆಗೆಯಲು ಬರುವುದಿಲ್ಲ ಎಂದೂ ಹೇಳಿದ. ರಾಚವ್ವ ಆಗಲಿ ಎಂದಳು. ಹಣೆಗೆ ವಿಭೂತಿ ಹಚ್ಚಿದಳು. ನಿಜಗುಣಪ್ಪ ಪೇಢೆ ತಂದು ಬಜಾರಿಗೆಲ್ಲ ಹಂಚಿದ. ಶೈಲಜಾ ಅಂದಿನಿಂದ ಅತ್ತೆಯ ಜೊತೆ ಮಾತು ಬಿಟ್ಟಳು. ತಾಟು ಮುಂದಿಡುತ್ತಿದ್ದಳು, ಮುಖ ಎತ್ತುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಬಸ್‌ಸ್ಟ್ಯಾಂಡಿಗೆ ಹೋದರು. ಧಾರವಾಡದ ಬಸ್ಸು ಎಂದಿನಂತೆ ತುಂಬಿ ತುಳುಕುತ್ತಿತ್ತು. ಶೇಂಗಾ ಮಾರುವವರು, ಸವದತ್ತಿಗೆ ಹೋಗುವ ಬಸ್ಸು ಯಾವುದೆಂದು ಕೇಳುತ್ತಾ ಅಲೆಯುವ ಹೆಂಗಸರು, ಕಂಡಕ್ಟರನ ಬೈಗುಳ. ಕಲ್ಮೇಶ ಎಲ್ಲರ ಕಾಲಿಗೆ ಬಿದ್ದು ಬಾಗಿಲ ಹತ್ತಿರ ಹೋದ. ಬಾಗಿಲಲ್ಲಿ ಜನ ಒತ್ತಿ ನಿಂತಿದ್ದರು. ಅವನು ಚೀಲವನ್ನು ಮುಂದೆ ತಳ್ಳಿ, ಹೆಗಲನ್ನು ಒಂದು ಮಗ್ಗುಲಾಗಿ ತಿರುಗಿಸಿಕೊಂಡು, ಆ ಸಂದಿಯಲ್ಲಿ ತೂರಿ ಒಳಗೆ ಹೋದ. ಮೊದಲು ತಲೆ ಮರೆಯಾಯಿತು, ಆಮೇಲೆ ಬೆನ್ನು. ಬಾಗಿಲು ಮುಚ್ಚಿತು.

ಬಸ್ಸು ಕದಲಿತು. ರಾಚವ್ವ ಸೀರೆ ಎತ್ತಿ ಹಿಡಿದು ಅದರ ಹಿಂದೆ ಓಡಿದಳು. ಅರವತ್ತಾರರ ಮುದುಕಿ, ಬಸ್‌ಸ್ಟ್ಯಾಂಡಿನ ನಡುವೆ, ಕಾಲಲ್ಲಿ ಚಪ್ಪಲಿಯಿಲ್ಲದೆ.

"ಬ್ಯಾಡೋ! ಬ್ಯಾಡೋ ಮಗನ, ಇಳಿಬ್ಯಾಡೋ! ಬ್ಯಾಡೋ!"

ಶೇಂಗಾ ಮಾರುವವರು ತಿರುಗಿ ನೋಡಿದರು. ನಿಜಗುಣಪ್ಪ ಕೈಯಲ್ಲಿದ್ದ ಛತ್ರಿ ಬಿಟ್ಟು ನಿಂತ. ಅವನು ತಾಯಿಯ ಅಂಥ ದನಿಯನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಸ್ಸು ಧೂಳೆಬ್ಬಿಸಿ, ಹಾರ್ನು ಹೊಡೆಯುತ್ತಾ ಧಾರವಾಡದ ರಸ್ತೆಗೆ ಹೊರಳಿತು. ರಾಚವ್ವ ಅಲ್ಲಿಯೇ ರಸ್ತೆಯ ಮೇಲೆ ಕುಸಿದು ಕೂತು, ಎರಡೂ ಕೈಯಿಂದ ನೆಲ ಬಡಿಯುತ್ತಾ ಅತ್ತಳು. ಐವತ್ತೈದು ವರ್ಷದ ಅಳು ಅದು, ಅಳುವುದು ಹೇಗೆಂದು ಮರೆತವಳ ಅಳು, ಕೇಳಿದವರು ಹೆದರುವಂಥದ್ದು.

ಶೈಲಜಾ ಓಡಿ ಬಂದು ಪಕ್ಕದಲ್ಲಿ ಕೂತಳು. ಅತ್ತೆಯ ತಲೆಯನ್ನು ಎದೆಗೆ ಒತ್ತಿ ಹಿಡಿದುಕೊಂಡಳು. ಅವಳಿಗೂ ಅಳು ತಡೆಯಲಾಗಲಿಲ್ಲ.

"ಈಗ ಅಂದರ ಯಾರಿಗೆ ಕೇಳಸ್ತೈತ್ರಿ, ಅತ್ತಿ," ಎಂದಳು. "ಈಗ ಯಾರಿಗೆ ಕೇಳಸ್ತೈತಿ."